ಒಂಟಿ ಎತ್ತು ಮತ್ತು ಗಂಭೀರ ಹವ್ಯಾಸಿ

ಕ್ಯಾಮೆರಾ ತಯಾರಿಸುವವರ ದೃಷ್ಟಿಯಲ್ಲಿ ಮನುಷ್ಯರಲ್ಲಿ ಮೂರು ವರ್ಗಗಳಿವೆ. ಮಗುವಿನ ಹುಟ್ಟುಹಬ್ಬಕ್ಕೆ ಮಾತ್ರ ಕ್ಯಾಮೆರಾ ಹೊರತೆಗೆಯುವವರು ಒಂದು. ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಬೆನ್ನು ತೋರಿಸಿ ನಿಂತು ಹೊಟ್ಟೆ ಹೊರೆಯುವವರು ಇನ್ನೊಂದು. ಇವೆರಡರಲ್ಲಿ ಎಲ್ಲಿಯೂ ಕೂರಿಸಲಾಗದೆ ಉಳಿದವರು 'ಗಂಭೀರ ಹವ್ಯಾಸಿಗಳು'. ನನ್ನ ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾದ ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯ ಮೊದಲ ಪುಟದಲ್ಲೇ ಇದು ಗಂಭೀರ ಹವ್ಯಾಸಿಗಳಿಗಾಗಿ ರೂಪಿಸಿದ್ದು ಎಂದು ಬರೆದಿತ್ತು. ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. ಗಂಭೀರ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ, ಆದರೆ ದೂರಿನ ರೂಪದಲ್ಲಿ. "ಬಂದೋರ ಜೊತೆ ನಾಕು ಮಾತಾಡಲ್ಲ ಇವಳು, ತುಂಬಾ ಸೀರಿಯಸ್ಸು" ಎಂದು ಅಮ್ಮ ನೆಂಟರ ಮುಂದೆ ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಾಳೆ. ಅದನ್ನೇ ಒಂದು ಗುಣವೆಂದು ಭಾವಿಸಿ, ಅಂಥವರಿಗಾಗಿಯೇ ಯಂತ್ರ ತಯಾರಿಸುವವರು ಈ ಪ್ರಪಂಚದಲ್ಲಿ ಇದ್ದಾರೆ ಎಂಬುದು ಸಣ್ಣ ವಿಷಯವಲ್ಲ.

ನಾನು ಕಡೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಿಡುವಿನಲ್ಲಿ ಹುಲ್ಲಿನ ಹೂಗಳ ಫೋಟೋ ತೆಗೆಯುತ್ತೇನೆ. ಹುಲ್ಲಿಗೂ ಹೂವಿದೆಯೇ ಎಂದು ಕೇಳಿದವರಿಗೆ ಇದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಅಜ್ಜಂಪುರದ ಕಡೆಯ ದನ ಮೇಯುವ ಕಾವಲುಗಳಲ್ಲಿ ಮಳೆ ಬಿದ್ದ ಮೇಲೆ ಬಗೆಬಗೆಯ ಹುಲ್ಲು ಏಳುತ್ತದೆ. ಅದರ ಮುಂದೆ ಮೊಣಕಾಲೂರಿ ಎಷ್ಟು ಹೊತ್ತು ಕೂತರೂ ಅದು ನಮ್ಮ ವಯಸ್ಸು, ಸಂಬಳ, ಗೋತ್ರಗಳನ್ನು ವಿಚಾರಿಸುವುದಿಲ್ಲ. ಹಳೆಯ ಕ್ಯಾಮೆರಾದಲ್ಲಿ ಗಾಳಿಗೆ ಅಲ್ಲಾಡುವ ಹೂವಿನ ಬದಲು ಅಲ್ಲಾಡದ ಕಲ್ಲು ಸ್ಪಷ್ಟವಾಗಿ ಬರುತ್ತಿತ್ತು. ಹೊಸದರಲ್ಲಿ ಫೋಕಸ್ ಬಿಂದುಗಳು ಹೆಚ್ಚು. ಅವು ಚೌಕಟ್ಟಿನ ತುಂಬ ಅಕ್ಕಿ ಚೆಲ್ಲಿದಂತೆ ಹರಡಿಕೊಂಡಿರುತ್ತವೆ. ಪರದೆಯನ್ನು ಹೊರಕ್ಕೆಳೆದು ತಿರುಗಿಸಬಹುದಾದ್ದರಿಂದ ನೆಲಕ್ಕೆ ಕೆನ್ನೆ ಹಚ್ಚಿ ಮಲಗಬೇಕಾಗಿಲ್ಲ. ಮಸುಕು ಬೆಳಕಿನಲ್ಲೂ ಚಿತ್ರದಲ್ಲಿ ರವೆ ಉದುರಿದಂತೆ ಕಾಣುವುದಿಲ್ಲ. ಧೂಳು, ತುಂತುರು ಒಳಗೆ ಹೋಗದಂತೆ ಮೈಗೆಲ್ಲ ರಬ್ಬರಿನ ಅಂಚು. ಗುಂಡಿ ಒತ್ತಿ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲುಸಾಲು ಚಿತ್ರಗಳು. ಎಲ್ಲಕ್ಕಿಂತ ದೊಡ್ಡ ಸುಧಾರಣೆ ಸೆನ್ಸರ್‌ನದು. ಅದು ಎಷ್ಟು ಸೂಕ್ಷ್ಮವೆಂದರೆ ಚಿತ್ರವನ್ನು ದೊಡ್ಡದು ಮಾಡುತ್ತ ಹೋದಂತೆ ಕೊನೆಗೆ ನಮ್ಮ ಕುತೂಹಲ ಮುಗಿಯುತ್ತದೆಯೇ ಹೊರತು ವಿವರ ಮುಗಿಯುವುದಿಲ್ಲ. ಲೆನ್ಸಿಗೆ ಗಾಜಿನ ಮುಚ್ಚಳ ಕೊಳ್ಳಲು ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋಗೆ ಹೋದಾಗ ಅದರ ಮಾಲೀಕರು ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲರೂ ಕನ್ನಡಿ ಇಲ್ಲದ್ದಕ್ಕೆ ಹೋಗ್ತಾವ್ರೆ, ನೀವು ಕನ್ನಡಿ ಇರೋದನ್ನೇ ತಂದಿದೀರಲ್ಲ ಮೇಡಂ" ಎಂದು ವಿಷಾದಿಸಿದರು. ಕ್ಯಾಮೆರಾದೊಳಗಿನ ಕನ್ನಡಿಯ ಮೂಲಕ ನೋಡಿದಾಗ ಕಣ್ಣಿಗೆ ಬೀಳುವುದು ಹೂವಿನಿಂದ ನೇರವಾಗಿ ಬಂದ ಬೆಳಕೇ ಹೊರತು ಬ್ಯಾಟರಿ ತೋರಿಸುವ ಬೆಳಕಲ್ಲ ಎಂದು ವಾದಿಸಬಹುದಿತ್ತು. ನಾನು "ಹೌದು" ಎಂದಷ್ಟೇ ಹೇಳಿ ಮುಚ್ಚಳ ತೆಗೆದುಕೊಂಡು ಬಂದೆ.

ಇಷ್ಟೆಲ್ಲ ಸುಧಾರಣೆಗಳಿಂದ ಒಂದು ಎತ್ತಿನ ಪ್ರಾಣಕ್ಕೇ ಕುತ್ತು ಬರಬಹುದೆಂದು ಪುಸ್ತಿಕೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ದೊಡ್ಡಪ್ಪ ಮರುಳಪ್ಪನವರು ಇದ್ದಾರೆ. ಅವರಲ್ಲಿ ದೊರೆ, ಮಂತ್ರಿ ಎಂಬ ಜೋಡಿ ಎತ್ತುಗಳಿದ್ದವು. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ನಮ್ಮ ಸೀಮೆಯ ಅಮೃತಮಹಲ್ ತಳಿಯ ಸಿಟ್ಟು. ಕಳೆದ ಚಳಿಗಾಲದಲ್ಲಿ ಮಂತ್ರಿ ಹೊಟ್ಟೆ ಉಬ್ಬರಿಸಿ ಸತ್ತಿತು. ರಾಜ್ಯಗಳಲ್ಲಿ ಮಂತ್ರಿ ಹೋದರೆ ಇನ್ನೊಬ್ಬ ಸುಲಭವಾಗಿ ಸಿಗುತ್ತಾನೆ, ದೊಡ್ಡಪ್ಪನಿಗೆ ಸಿಗಲಿಲ್ಲ. ಎತ್ತರ, ಬಣ್ಣ, ಕೊಂಬು, ನಡಿಗೆ ನಾಲ್ಕೂ ಹೊಂದಬೇಕು. ಈಗ ಊರೂರಿಗೂ ಟ್ರ್ಯಾಕ್ಟರ್ ಬಂದು ಎತ್ತು ಸಾಕುವವರೇ ಕಡಿಮೆ. ಜೋಡಿ ಇಲ್ಲದ ಎತ್ತಿನಿಂದ ಉಳುವುದಕ್ಕೂ ಆಗುವುದಿಲ್ಲ, ಅದನ್ನು ಉಳುವವರು ಕೊಳ್ಳುವುದೂ ಇಲ್ಲ. ಅಂಥದ್ದನ್ನು ಕೊಳ್ಳುವವರು ಯಾರು, ಯಾತಕ್ಕೆ ಎಂಬುದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತು. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡಮ್ಮ ಮಾತ್ರ ಬಾಯಿಬಿಟ್ಟು ಹೇಳಿದ್ದಳು: "ಮುಂಗಾರಿನ ಹೊತ್ಗೆ ಜೋಡಿ ಸಿಕ್ತು, ಸರಿ. ಸಿಗಲಿಲ್ಲ, ಕಸಾಯಿಗೆ ಹೊಡೆದು ಕಳಿಸಾದೇಯ. ಟ್ರ್ಯಾಕ್ಟರ್ ಒಂದು ಮುಂಜಾನೆಗೆ ಉತ್ತು ಹೋಗ್ತೈತೆ. ಇದಕ್ಕೆ ಹುಲ್ಲು, ಹಿಂಡಿ, ನೀರು. ಅದರ ಮ್ಯಾಲೆ ಕೊಟ್ಟಿಗೇಲಿ ಕುಂತು ಅದರ ಜೊತೆ ನಿಮ್ಮ ಗುಸುಗುಸು ಬೇರೆ." ದೊಡ್ಡಮ್ಮನೊಂದಿಗೆ ದೊಡ್ಡಪ್ಪ ಗುಸುಗುಸು ಮಾತಾಡಿದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿಲ್ಲವಾದ್ದರಿಂದ ಆ ಮಾತಿನಲ್ಲಿ ಹುಲ್ಲು ಹಿಂಡಿಗಳಾಚೆಯ ಸಂಕಟವೂ ಇತ್ತೆಂದು ನನ್ನ ಊಹೆ.

ಅಷ್ಟರಲ್ಲಿ ಸಿಂಗಟಗೆರೆಯ ಪರಮೇಶಣ್ಣ ಎಂಬುವರ ಸುದ್ದಿ ಬಂತು. ಅವರಲ್ಲಿಯೂ ಒಂದು ಒಂಟಿ ಎತ್ತಿದೆ, ಹೆಸರು ಪುಟ್ಟ. ಪರಮೇಶಣ್ಣ ಹೊಲವನ್ನೆಲ್ಲ ತೆಂಗು ಮಾಡಿಬಿಟ್ಟು ಉಳುಮೆ ನಿಲ್ಲಿಸಿದ್ದಾರೆ. ಪುಟ್ಟನನ್ನು ಒಳ್ಳೆಯ ಮನೆಗೆ, ಒಳ್ಳೆಯ ಜೋಡಿಗೆ ಮಾತ್ರ ಕೊಡುತ್ತಾರಂತೆ. ಮೊದಲು ಫೋಟೋ ಕಳಿಸಿ, ಒಪ್ಪಿಗೆಯಾದರೆ ಬಂದು ನೋಡುತ್ತೇವೆ ಎಂದು ಹೇಳಿಕಳಿಸಿದ್ದರು. ತಮ್ಮ ಕಡೆಯಿಂದ ಪುಟ್ಟನ ಫೋಟೋವನ್ನೂ ಕಳಿಸಿದ್ದರು. ಸಂಜೆಗತ್ತಲಲ್ಲಿ, ಗೀರು ಬಿದ್ದ ಫೋನಿನಲ್ಲಿ, ಬಹುಶಃ ಪುಟ್ಟ ಓಡುತ್ತಿದ್ದಾಗ ತೆಗೆದದ್ದು. ಬೂದು ಬಣ್ಣದ ಒಂದು ಮೋಡಕ್ಕೆ ಕೊಂಬು ಬಂದಂತೆ ಇತ್ತು. ದೊಡ್ಡಪ್ಪ ಅದನ್ನು ಬಹಳ ಹೊತ್ತು ನೋಡಿ, "ಒಳ್ಳೆ ರಾಸು. ಏನೂ ಐಬು ಕಾಣ್ತಿಲ್ಲ" ಎಂದರು. ಆಮೇಲೆ ನನಗೆ ಫೋನ್ ಮಾಡಿದರು. "ಅವ್ವಾ, ನಿನ್ನ ದೊಡ್ಡ ಕ್ಯಾಮ್ರಾ ತಗಂಡು ಭಾನುವಾರ ಬಾರವ್ವ. ನಮ್ಮ ಫೋಟ ಅವರದ್ದಕ್ಕಿಂತ ಜೋರಾಗಿರ್ಬೇಕು."

ನಾನು ಸಾಮಾನ್ಯವಾಗಿ ಇಂಥ ಕೋರಿಕೆಗಳಿಂದ ತಪ್ಪಿಸಿಕೊಳ್ಳುತ್ತೇನೆ. ನಾಮಕರಣ, ಗೃಹಪ್ರವೇಶ, ಸೀಮಂತಗಳಿಗೆ ಕರೆ ಬಂದಾಗ ನನ್ನ ಲೆನ್ಸ್ ಹುಲ್ಲಿಗೆ ಮಾತ್ರ ಎಂದು ಹೇಳಿ ನಂಬಿಸಿದ್ದೇನೆ. ಆದರೆ ಎತ್ತು ನೆಂಟರಂತಲ್ಲ, ಫೋಟೋ ಹೇಗೆ ಬಂದರೂ ಆಮೇಲೆ ಮುನಿಸಿಕೊಳ್ಳುವುದಿಲ್ಲ. ಭಾನುವಾರ ಬೆಳಗಿನ ರೈಲಿಗೆ ಅಜ್ಜಂಪುರದಲ್ಲಿಳಿದು ಹೋದೆ. ಹೋಗುವಷ್ಟರಲ್ಲಿ ದೊರೆಗೆ ಸ್ನಾನವಾಗಿ, ಕೊಂಬಿಗೆ ಟೇಪು ಸುತ್ತಿ, ಕೊರಳಿಗೆ ಗೆಜ್ಜೆಸರ, ಬೆನ್ನಿನ ಮೇಲೆ ಮಗ್ಗುಲವರೆಗೂ ಇಳಿಬಿದ್ದ ಮಿಂಚಿನ ಬಟ್ಟೆ, ಒಟ್ಟಿನಲ್ಲಿ ಬೀಗರು ಬರುವ ಹೊತ್ತಿನ ವಾತಾವರಣ. ಮೈಗೆಲ್ಲ ಕೊಬ್ಬರಿ ಎಣ್ಣೆ ಸವರಿದ್ದರಿಂದ ಬಿಸಿಲಿಗೆ ಹೊಳೆಯುತ್ತಿತ್ತು. ಆ ಎಣ್ಣೆಯನ್ನು ಗಾಣದಿಂದ ತರಿಸಿ ತಲೆಗೆ ಹಚ್ಚಿಕೊಳ್ಳಲು ಇಟ್ಟಿದ್ದವಳು ದೊಡ್ಡಮ್ಮ. ಅವಳ ತಲೆ ಒಣಗಿತ್ತು. "ನಂಗೆ ಒಂದಿನ ಬೆನ್ನಿಗೆ ಹಚ್ಚಲಿಲ್ಲ ಈಯಪ್ಪ" ಎಂದು ಅವಳು ನನಗೆ ಕಾಫಿ ಕೊಡುತ್ತ ಹೇಳಿದಳು.

ಇಲ್ಲಿ ನನ್ನೊಳಗಿನ ಗಂಭೀರ ಹವ್ಯಾಸಿ ಎದ್ದು ನಿಂತಳು. ಮಿಂಚಿನ ಬಟ್ಟೆಯಿಂದ ಬೆಳಕು ಚದುರುತ್ತದೆ, ಪ್ರಾಣಿಯ ಸಹಜವಾದ ಮೈಕಟ್ಟು ಮರೆಯಾಗುತ್ತದೆ ಎಂದು ನನಗನ್ನಿಸಿತು. "ದೊಡ್ಡಪ್ಪ, ಆ ಬಟ್ಟೆ ತೆಗೀರಿ."

"ಇರ್ಲಿ ಬಿಡವ್ವ, ಚಂದ ಕಾಣ್ತೈತೆ."

"ಅದಿದ್ದರೆ ಮೈ ಕಾಣಲ್ಲ. ಅವರು ನೋಡೋದು ಎತ್ತನ್ನೋ ಬಟ್ಟೆಯನ್ನೋ?"

ದೊಡ್ಡಪ್ಪ ಬಟ್ಟೆ ತೆಗೆದರು. ಮುಂಗಾಲುಗಳನ್ನು ಸ್ವಲ್ಪ ದಿಬ್ಬದ ಮೇಲಿಟ್ಟರೆ ಎತ್ತು ಎತ್ತರವಾಗಿ ಕಾಣುತ್ತದೆಂದು ಅವರು ಅದನ್ನು ತಿಪ್ಪೆಯ ಅಂಚಿಗೆ ಹತ್ತಿಸಿದರು. ನಾನು ಕ್ಯಾಮೆರಾದ ಸಕಲ ಗುಣಗಳನ್ನೂ ಒಮ್ಮೆಗೇ ಬಳಸಿದೆ. ದೊರೆ ಒಂದು ಸಲ ಹತ್ತಿರ ಬಂದು ಲೆನ್ಸಿನ ಗಾಜಿನ ಮುಚ್ಚಳವನ್ನು ನೆಕ್ಕಿ, ರಬ್ಬರಿನ ಅಂಚಿನ ಬಗ್ಗೆ ಪುಸ್ತಿಕೆಯಲ್ಲಿ ಬರೆದದ್ದೆಲ್ಲ ನಿಜವೆಂದು ಖಚಿತಪಡಿಸಿತು. ಗುಂಡಿ ಒತ್ತಿ ಹಿಡಿದು ಬಹಳಷ್ಟು ಚಿತ್ರ ತೆಗೆದು, ಅವುಗಳಲ್ಲಿ ಕತ್ತು ನೆಟ್ಟಗೆ, ಕಿವಿ ಎರಡೂ ಮುಂದಕ್ಕೆ ಇದ್ದ ಒಂದನ್ನು ಆರಿಸಿ, ಗಾತ್ರ ಕುಗ್ಗಿಸಿದರೆ ವಿವರ ಹೋದೀತೆಂದು ಪೂರ್ಣ ಗಾತ್ರದಲ್ಲೇ ಪರಮೇಶಣ್ಣನ ಫೋನಿಗೆ ಕಳಿಸಿದೆ. ನಿಜ ಹೇಳಬೇಕೆಂದರೆ ಅದು ನಾನು ಅದುವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಅತ್ಯಂತ ಒಳ್ಳೆಯದು. ರೆಪ್ಪೆಯ ಕೂದಲು ಒಂದೊಂದೂ ಬೇರೆಬೇರೆ ಕಾಣುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಪರಮೇಶಣ್ಣನ ಧ್ವನಿಸಂದೇಶ ಬಂತು. ದೊಡ್ಡಪ್ಪ ಫೋನನ್ನು ತಟ್ಟೆಯ ಪಕ್ಕ ಇಟ್ಟು, ನಮಗೆಲ್ಲ ಕೇಳುವಂತೆ ಜೋರಾಗಿ ಹಚ್ಚಿದರು. "ಮರುಳಪ್ಪಾರೇ, ಶರಣು. ಫೋಟ ಬಾಳ ಕ್ಲೀನಾಗೈತೆ ಕಣ್ರೀ. ನಮ್ಮ ಜಲ್ಮದಾಗೆ ಇಂಥಾ ಕ್ಲೀನ್ ಫೋಟ ನೋಡಿರ್ಲಿಲ್ಲ. ಅದಕ್ಕೇ ಗೊತ್ತಾಯ್ತು. ದೊಡ್ಡದು ಮಾಡಿ ನೋಡಿದ್ವಿ, ಎಡಗಡೆ ಪಕ್ಕೆ ಮ್ಯಾಲೆ ಒಂದು ಸುಳಿ ಐತಲ್ರೀ, ಅದು ಇರಬಾರ್ದ ಜಾಗ. ನೀವು ಹೇಳ್ಲೇ ಇಲ್ಲ. ಆ ಸುಳಿ ಇರೋ ಎತ್ತು ಜೊತೇಲಿರೋದನ್ನ ನುಂಗ್ತೈತೆ ಅಂತಾರೆ. ನಿಮ್ಮ ಮನೇಲಿ ಆಗ್ಲೇ ಒಂದು ಹೋಗೈತೆ. ನನ್ನ ಪುಟ್ಟನ್ನ ಹೆಂಗೆ ಕಳಿಸ್ಲಿ ಹೇಳ್ರಿ?"

ದೊಡ್ಡಪ್ಪ ಕಲೆಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ದನ ಕೊಳ್ಳುವಾಗ ನಮ್ಮ ಕಡೆಯವರು ಹಲ್ಲಿಗಿಂತ ಮೊದಲು ನೋಡುವುದು ಸುಳಿಯನ್ನು, ಅಂದರೆ ಮೈಮೇಲೆ ಕೂದಲು ಸುತ್ತಿಕೊಂಡಿರುವ ಗುರುತನ್ನು. ಯಾವ ಸುಳಿ ಎಲ್ಲಿದ್ದರೆ ಮನೆಗೆ ಏಳಿಗೆ, ಎಲ್ಲಿದ್ದರೆ ಕೇಡು ಎಂಬ ಶಾಸ್ತ್ರ ಎಲ್ಲರಿಗೂ ಬಾಯಿಪಾಠ. ದೊರೆಯನ್ನು ಕರುವಾಗಿದ್ದಾಗ ಕೊಂಡಾಗಲೇ ದೊಡ್ಡಪ್ಪ ಮೈಯೆಲ್ಲ ಕೈಯಾಡಿಸಿ ನೋಡಿದ್ದರು. ಎಡಪಕ್ಕೆಯ ಮೇಲೆ ಏನೂ ಇರಲಿಲ್ಲವೆಂದು ಆಣೆ ಮಾಡಲೂ ಸಿದ್ಧರಿದ್ದರು. ಆದರೆ ಫೋಟೋ ದೊಡ್ಡದು ಮಾಡಿ ನೋಡಿದರೆ, ಇತ್ತು. ಆಮೇಲೆ ಎತ್ತನ್ನೇ ನೋಡಿದಾಗಲೂ ಇತ್ತು. ನನ್ನ ಸೆನ್ಸರ್ ಅದನ್ನು ಕೂದಲಿಗೆ ಕೂದಲು ಲೆಕ್ಕ ಕೊಡುವಂತೆ ಹಿಡಿದಿತ್ತು.

ಕೂದಲು ಸುತ್ತುವುದಕ್ಕೂ ಹೊಟ್ಟೆ ಉಬ್ಬರಕ್ಕೂ ಸಂಬಂಧವಿಲ್ಲ, ಅದು ಚರ್ಮದಲ್ಲಿ ಕೂದಲಿನ ಬೇರುಗಳು ವಾಲಿರುವ ದಿಕ್ಕಿನಿಂದ ಆಗುವುದು ಎಂದು ನಾನು ವಿವರಿಸಿದೆ. ದೊಡ್ಡಮ್ಮ "ಅದು ಪರಮೇಶಣ್ಣಂಗೆ ಹೇಳು" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನೋಡಿದ್ರಾ, ಮಂತ್ರೀನ ನುಂಗಿದ್ದು ಇದೇಯ. ಇನ್ಯಾರು ಕೊಡ್ತಾರೆ ಇದಕ್ಕೆ ಜೋಡಿ? ಸಂತೆದಿನ ಬ್ಯಾರಿ ಬತ್ತಾನೆ, ಹೊಡೆದು ಕಳಿಸ್ರಿ" ಎಂದಳು. ಬ್ಯಾರಿ ಎಂದರೆ ದನದ ದಲ್ಲಾಳಿ. ದೊಡ್ಡಪ್ಪ ಎದ್ದು ಕೊಟ್ಟಿಗೆಗೆ ಹೋದರು. ಅವರು ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು. ಹೋಗುವಾಗ ಒಂದೇ ಮಾತು ಹೇಳಿದರು: "ಬಟ್ಟೆ ಇದ್ದಿದ್ರೆ ಆಗ್ತಿತ್ತು ಕಣವ್ವ."

ಬೇರೊಂದು ಫೋಟೋ ತೆಗೆದು ಕಳಿಸೋಣವೆಂದರೆ, ಪರಮೇಶಣ್ಣ ಮುಂಚೆಯೇ ಇನ್ನೊಂದು ಸಂದೇಶ ಕಳಿಸಿದ್ದರು: ಈಗಿನ ಕಾಲದಲ್ಲಿ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಅಳಿಸುತ್ತಾರೆ, ಎರಡನೇ ಫೋಟೋ ನಾವು ನಂಬುವುದಿಲ್ಲ. ಚಿತ್ರ ತಿದ್ದುವುದನ್ನು ನಾನು ಒಂದು ಅಪರಾಧವೆಂದೇ ಭಾವಿಸಿರುವವಳು. ಹುಲ್ಲಿನ ಹೂವಿನ ಮೇಲೆ ಕೂತ ಇರುವೆಯನ್ನೂ ನಾನು ಅಳಿಸಿದವಳಲ್ಲ. ತಿದ್ದದ ಮೂಲ ಫೈಲನ್ನೇ ಕಳಿಸಲೇ ಎಂದು ಕೇಳಿ ಬರೆದೆ. ಅವರಿಂದ ಕೈಮುಗಿಯುವ ಚಿಹ್ನೆಯೊಂದು ಬಂತು. ಅದು ಗೌರವವೋ ಇನ್ನು ಸಾಕು ಎಂಬ ಸೂಚನೆಯೋ ತಿಳಿಯಲಿಲ್ಲ.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಜಗುಲಿಯ ಮೇಲೆ ಕೂತು ಬೆಳಗಿನ ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದೆ. ಯಾವ ಉದ್ದೇಶವೂ ಇರಲಿಲ್ಲ. ಮನಸ್ಸಿಗೆ ಕಿರಿಕಿರಿಯಾದಾಗ ನಾನು ಇದನ್ನೇ ಮಾಡುತ್ತೇನೆ. ಮೊದಲ ಚಿತ್ರಗಳಲ್ಲಿ ಎಡಪಕ್ಕೆ ಹಾಸಿದ ಚಾಪೆಯಂತೆ ನಯವಾಗಿತ್ತು. ಆಮೇಲೆ ಸಾಲಾಗಿ ತೆಗೆದ ಚಿತ್ರಗಳಲ್ಲಿ ದೊರೆ ಕತ್ತನ್ನು ಹಿಂದಕ್ಕೆ ತಿರುಗಿಸುತ್ತದೆ, ನಾಲಿಗೆ ಹೊರಗೆ ಬರುತ್ತದೆ, ನಾಲಿಗೆ ಪಕ್ಕೆಯನ್ನು ಮುಟ್ಟುತ್ತದೆ, ಗುಂಡಗೆ ಸುತ್ತುತ್ತದೆ, ಕತ್ತು ಮತ್ತೆ ನೆಟ್ಟಗಾಗುತ್ತದೆ. ಅದರ ಮುಂದಿನದೇ ನಾನು ಆರಿಸಿ ಕಳಿಸಿದ ಚಿತ್ರ. ಆ ಸುಳಿ ಹುಟ್ಟಿನಿಂದ ಬಂದದ್ದಲ್ಲ, ಆಗತಾನೇ ನೆಕ್ಕಿದ್ದು! ಬಿಸಿಲಿಗೆ ಕಾದ ಕೊಬ್ಬರಿ ಎಣ್ಣೆಯ ರುಚಿ ದೊರೆಗೂ ಹಿಡಿಸಿರಬೇಕು. ಅಷ್ಟು ಎಣ್ಣೆಯಲ್ಲಿ ಕೂದಲು ಸುತ್ತಿದಂತೆಯೇ ಅಂಟಿ ನಿಂತಿತ್ತು. ನಾನು ಸಾಮಾನ್ಯವಾಗಿ ಕೂಗುವವಳಲ್ಲ. ಅಂದು "ದೊಡ್ಡಪ್ಪಾ" ಎಂದು ಕೂಗಿದ್ದಕ್ಕೆ ದೊಡ್ಡಮ್ಮ ಹಾವು ಬಂತೆಂದು ಕೋಲು ಹಿಡಿದು ಓಡಿಬಂದಳು.

ನಾಲಿಗೆಯ ಚಿತ್ರಗಳೆಲ್ಲವೂ ಸಿಂಗಟಗೆರೆಗೆ ಹೋದವು. ಅಲ್ಲಿ ಮನೆಯವರೆಲ್ಲ ಕೂತು ಚರ್ಚಿಸಿದರೆಂದು ಕಾಣುತ್ತದೆ. ಉತ್ತರ ಬರಲು ಒಂದು ವಾರವೇ ಹಿಡಿಯಿತು. ಆ ವಾರದಲ್ಲಿ ಬ್ಯಾರಿ ಒಂದು ಸಲ ಬಂದು ಹೋದನಂತೆ. ಎತ್ತು ಮಲಗಿದೆ, ಆಮೇಲೆ ಬಾ ಎಂದು ದೊಡ್ಡಪ್ಪ ಹೇಳಿ ಕಳಿಸಿದರಂತೆ. ದೊರೆ ಆಗ ಅವರ ಹಿಂದೆಯೇ ನಿಂತಿತ್ತೆಂದು ದೊಡ್ಡಮ್ಮ ವರದಿ ಮಾಡಿದಳು. ಆಮೇಲಿನ ಭಾನುವಾರ ಪರಮೇಶಣ್ಣ ಖುದ್ದಾಗಿ ಬಂದರು, ಸಣ್ಣ ಲಾರಿಯಲ್ಲಿ ಪುಟ್ಟನನ್ನೂ ಹೇರಿಕೊಂಡು. ಒಪ್ಪಿಗೆಯಾಗದಿದ್ದರೆ ವಾಪಸು ಒಯ್ಯುವುದೆಂದು ಕರಾರು. ಬಾಡಿಗೆ ಕೊಟ್ಟು ಎತ್ತು ತಂದವರು ಒಪ್ಪುವ ಮನಸ್ಸಿನಲ್ಲೇ ಬಂದಿರುತ್ತಾರೆ ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಈ ವಿಷಯಗಳಲ್ಲಿ ಅವಳ ಅನುಭವ ದೊಡ್ಡದು. ಅವಳು ಅಂದು ಇದನ್ನು ನೋಡಲೆಂದೇ ನನ್ನ ಜೊತೆ ಬಂದಿದ್ದಳು.

ಪರಮೇಶಣ್ಣ ಲಾರಿ ಇಳಿದವರೇ ಕಾಫಿಯನ್ನೂ ಮುಟ್ಟದೆ ದೊರೆಯ ಎಡಪಕ್ಕೆಯ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡರು. ಏನೂ ಇರಲಿಲ್ಲ. ಕೈಯಾಡಿಸಿದರು. ಇರಲಿಲ್ಲ. ಬಲಪಕ್ಕೆಯನ್ನೂ ನೋಡಿದರು. ಆಮೇಲೆ ಜೇಬಿನಿಂದ ಫೋನು ತೆಗೆದು ನನ್ನ ಫೋಟೋದ ಪಕ್ಕದಲ್ಲಿ ಎತ್ತನ್ನು, ಎತ್ತಿನ ಪಕ್ಕದಲ್ಲಿ ಫೋಟೋವನ್ನು ಹಿಡಿದು ಹೋಲಿಸಿದರು. "ಇದು ಅದೇ ಎತ್ತಾ?" ಎಂದರು.

"ಅದೇಯ" ಎಂದರು ದೊಡ್ಡಪ್ಪ.

"ಫೋಟದಾಗೆ ಇನ್ನೂ ಚಂದ ಐತೆ" ಎಂದು ಪರಮೇಶಣ್ಣ ಸ್ವಲ್ಪ ನಿರಾಸೆಯಿಂದ ಹೇಳಿದರು. ಆಗ ದೊರೆ ಕತ್ತು ತಿರುಗಿಸಿ ಅವರ ಬಿಳಿ ಅಂಗಿಯ ತೋಳನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಒಮ್ಮೆ ನೆಕ್ಕಿತು. ಪರಮೇಶಣ್ಣ ತೋಳನ್ನು ನೋಡಿಕೊಂಡು, "ಆಯ್ತು ಬಿಡಪ್ಪಾ, ನೆಕ್ಕೋದು ನಿಂದೇ ಅಂತ ಒಪ್ಪಿದೆ" ಎಂದರು. ಪುಟ್ಟನನ್ನು ಲಾರಿಯಿಂದ ಇಳಿಸಿದರು. ನಿಜದಲ್ಲಿ ಅದರ ಕೊಂಬು ದೊರೆಯದಕ್ಕಿಂತ ತುಸು ಗಿಡ್ಡ, ಮೂಗಿನ ಮೇಲೊಂದು ಗಾಯದ ಗುರುತು. ದೊಡ್ಡಪ್ಪ ಅದನ್ನೆಲ್ಲ ನೋಡಿದರು, ಪರಮೇಶಣ್ಣನ ಮುಖವನ್ನೂ ನೋಡಿದರು, ಪುಟ್ಟನ ಹಗ್ಗವನ್ನು ಕೈಗೆ ತೆಗೆದುಕೊಂಡರು. ಎರಡನ್ನೂ ಒಂದೇ ಗೋದಲಿಗೆ ಕಟ್ಟಿ ಹುಲ್ಲು ಹಾಕಿದಾಗ ಪುಟ್ಟ ತನ್ನ ಮುಂದಿನದನ್ನು ಬಿಟ್ಟು ದೊರೆಯ ಮುಂದಿನದಕ್ಕೆ ಬಾಯಿ ಹಾಕಿತು. ದೊರೆ ಸುಮ್ಮನಿತ್ತು. ದೊಡ್ಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಅಷ್ಟು ಸೆಕೆ ಅಂದು ಇರಲಿಲ್ಲ. ದೊಡ್ಡಮ್ಮ ಒಳಗೆ ಹೋಗಿ ಪಾಯಸಕ್ಕೆ ಇಟ್ಟಳು.

ಇನ್ನು ಜೋಡಿಯ ಫೋಟೋ ಆಗಬೇಕಲ್ಲ. ಎಲ್ಲರೂ ಅದರಲ್ಲಿರಬೇಕು, ಸುಳಿಯ ಗುಟ್ಟು ಹುಡುಕಿಕೊಟ್ಟ ಹುಡುಗಿಯೂ ಇರಬೇಕು ಎಂದು ಪರಮೇಶಣ್ಣ ಹಠ ಹಿಡಿದರು. ಬಿಡಿಸಿಕೊಳ್ಳಲು ನನ್ನಲ್ಲಿ ಕಾರಣಗಳಿರಲಿಲ್ಲ. ಕ್ಯಾಮೆರಾದಲ್ಲಿ ಗುಂಡಿ ಒತ್ತಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಚಿತ್ರ ತೆಗೆದುಕೊಳ್ಳುವ ಸೌಕರ್ಯ ಇದೆ. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎತ್ತುಗಳ ಮೇಲೆ ಫೋಕಸ್ ಮಾಡಿ, ಗುಂಡಿ ಒತ್ತಿ ಓಡಿದೆ. ದೊರೆಯ ಪಕ್ಕ ತಲುಪಿ ತಿರುಗಿ ನಿಲ್ಲಬೇಕು, ಅಷ್ಟರಲ್ಲಿ ಅದು ನನ್ನ ದುಪಟ್ಟಾ ಬಾಯಿಗೆ ಹಾಕಿಕೊಂಡಿತು. ಬಿಡಿಸಿಕೊಳ್ಳಲು ಬೆನ್ನು ತಿರುಗಿಸಿ ತಲೆ ಬಗ್ಗಿಸಿದ್ದೇ ತಡ, ಚಿತ್ರ ಬಿದ್ದಾಗಿತ್ತು. ಚಿತ್ರದಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಅಮ್ಮ, ಪರಮೇಶಣ್ಣ ಎಲ್ಲರೂ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತವರಂತೆ ಬಿಗಿಯಾಗಿದ್ದಾರೆ. ನಾನು ನೆತ್ತಿ ಮಾತ್ರ ತೋರಿಸಿದ್ದೇನೆ. ಅದೇ ಒಳ್ಳೆಯದೆನಿಸಿ ಎಲ್ಲರ ಫೋನಿಗೂ ಕಳಿಸಿದೆ.

ಪಾಯಸ ಕುಡಿಯುತ್ತ ಕೂತಿದ್ದಾಗ ದೊಡ್ಡಮ್ಮ ತನ್ನ ಫೋನಿನಲ್ಲಿ ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡುತ್ತಿದ್ದಳು. ಈ ವಿದ್ಯೆ ಈಚೆಗೆ ಆ ಮನೆಯಲ್ಲಿ ಎಲ್ಲರಿಗೂ ಬಂದಿದೆ. ಇದ್ದಕ್ಕಿದ್ದಂತೆ, "ಲೇ ಸಾವಿತ್ರಿ, ಬಾರೇ ಇಲ್ಲಿ" ಎಂದು ಅಮ್ಮನನ್ನು ಕರೆದಳು. "ನಿನ್ನ ಮಗಳ ನೆತ್ತೀಲಿ ಎರಡು ಸುಳಿ ಅವೆ ಕಣೇ!"

ನೆತ್ತಿಯಲ್ಲಿ ಎರಡು ಸುಳಿ ಇದ್ದವರಿಗೆ ಎರಡು ಮದುವೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಪರಮೇಶಣ್ಣ ಕನ್ನಡಕ ಹಾಕಿಕೊಂಡರು. ಅಮ್ಮ ಫೋನು ಇಸಿದುಕೊಂಡು ನೋಡಿ ಹಣೆಗೆ ಕೈಯಿಟ್ಟುಕೊಂಡಳು. "ಒಂದಕ್ಕೇ ಹ್ಞೂಂ ಅಂತಿಲ್ಲ ಅಕ್ಕ ಇವಳು, ಎರಡನೇದು ಎಲ್ಲಿಂದ ತರ್ಲಿ? ಈ ಫೋಟ ಹೊರಗೆ ಹೋದ್ರೆ ಯಾರು ಬತ್ತಾರೆ ನಮ್ಮ ಮನೆಗೆ?" ಎಂದಳು.

ನನಗೆ ಬೇಕಾದಷ್ಟು ವಿವರಣೆ ಗೊತ್ತಿತ್ತು. ಕೂದಲಿನ ಬೇರಿನ ದಿಕ್ಕಿನ ವಿಷಯವನ್ನು ಇದೇ ಮನೆಯಲ್ಲಿ ಎರಡು ವಾರದ ಹಿಂದೆ ಹೇಳಿದ್ದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲಿನಿಂದ ದೊಡ್ಡಪ್ಪನ ದನಿ ಕೇಳಿತು: "ಏ, ಸುಳಿಯೂ ಇಲ್ಲ ಗಿಳಿಯೂ ಇಲ್ಲ. ಅದು ದೊರೆ ನೆಕ್ಕಿರಾದು ಬಿಡ್ರೇ."

ಎಲ್ಲರೂ ನನ್ನ ಕಡೆ ನೋಡಿದರು. ದೊರೆ ಹಿಡಿದದ್ದು ದುಪಟ್ಟಾದ ತುದಿಯನ್ನು. ನನ್ನ ತಲೆಯ ಹತ್ತಿರವೂ ಅದು ಬಂದಿರಲಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದಿದವಳು, ಇರುವೆಯನ್ನೂ ಅಳಿಸದವಳು.

"ಹೌದು, ನೆಕ್ಕಿತು" ಎಂದೆ. ಆಮೇಲೆ ಸಾಕ್ಷಿಗಿರಲಿ ಎಂದು ಬಚ್ಚಲಿಗೆ ಹೋಗಿ ತಲೆಯನ್ನು ನೀರಿನಲ್ಲಿ ಚೆನ್ನಾಗಿ ಒದ್ದೆ ಮಾಡಿಕೊಂಡು ಬಂದೆ.